ಸ್ಟೂಲ್ ಮೇಲೆ ಕೂತ ಗಿಟಾರಿಸ್ಟ್: ಜೆನೆಸಿಸ್‌ನ ಸ್ಟೀವ್ ಹ್ಯಾಕೆಟ್ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಸೈಡ್ ಬಿ:

ಹೋದ ವಾರ ಮನೆ ಬದಲಾಯಿಸುವಾಗ ಅಟ್ಟದ ಮೇಲಿನ ಬಿಸ್ಕತ್ ಡಬ್ಬದಲ್ಲಿ ಹಳೇ ತೊಂಬತ್ತು ನಿಮಿಷದ ಕ್ಯಾಸೆಟ್ ಒಂದು ಸಿಕ್ಕಿತು. ಹಾಸ್ಟೆಲಿನ ರೂಮ್‌ಮೇಟ್ ರೆಕಾರ್ಡ್ ಮಾಡಿಕೊಟ್ಟಿದ್ದು. ಒಂದು ಸೈಡಿನಲ್ಲಿ ಬ್ರಿಟನ್ನಿನ ರಾಕ್ ತಂಡ ಜೆನೆಸಿಸ್‌ನ ‘ನರ್ಸರಿ ಕ್ರೈಮ್’ (1971), ಇನ್ನೊಂದರಲ್ಲಿ ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್’ (1973). ಟೇಪು ಅಲ್ಲಲ್ಲಿ ರಾಗ ಎಳೆಯುತ್ತೆ, ಆದರೂ ಎರಡೂ ಕಡೆ ಪೂರ್ತಿ ಕೇಳಿದೆ. ಕೇಳಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ಪ್ರಾಗ್ ರಾಕ್ (ಉದ್ದುದ್ದ, ಜಟಿಲ ರಚನೆಗಳ ಪ್ರೋಗ್ರೆಸಿವ್ ರಾಕ್) ಗಿಟಾರ್ ಅಂದ ತಕ್ಷಣ ನಮ್ಮವರು ಪಿಂಕ್ ಫ್ಲಾಯ್ಡ್‌ನ ಗಿಲ್ಮರ್ ಅಂತಾರೆ. ಸ್ವಲ್ಪ ಒಳಹೊಕ್ಕವರು ಕಿಂಗ್ ಕ್ರಿಮ್ಸನ್‌ನ ಫ್ರಿಪ್ ಅಂತಾರೆ, ಯೆಸ್ ತಂಡದ ಸ್ಟೀವ್ ಹೌ ಅಂತಾರೆ. ಸ್ಟೀವ್ ಹ್ಯಾಕೆಟ್ ಹೆಸರು ನಾಲ್ಕನೆಯದಾಗಿ ಬಂದರೆ ಪುಣ್ಯ. ಜೆನೆಸಿಸ್ ಅಂದರೆ ಆಮೇಲೆ ಪಾಪ್ ತಾರೆಯಾದ ಫಿಲ್ ಕಾಲಿನ್ಸ್ ಅಂದುಕೊಂಡವರೇ ಜಾಸ್ತಿ. ಅದಕ್ಕೂ ಹಿಂದಿನದು ಗೊತ್ತಿರೋರಿಗೆ ಆಗಿನ ಗಾಯಕ ಪೀಟರ್ ಗೇಬ್ರಿಯಲ್ ನರಿ ತಲೆ ಹಾಕ್ಕೊಂಡು ಕೆಂಪು ಗೌನಿನಲ್ಲಿ ನಿಂತ ಫೋಟೊ ನೆನಪಿರುತ್ತೆ. ಆ ಕಾಲದ ಫೋಟೊಗಳ ಮೂಲೆ ನೋಡಿ. ಗಡ್ಡ, ಕನ್ನಡಕ, ಕಪ್ಪು ಬಟ್ಟೆ. ಸ್ಟೂಲ್ ಮೇಲೆ ಕೂತು, ಲೆಸ್ ಪಾಲ್ ಗಿಟಾರಿನ ಕಡೆ ಬಗ್ಗಿ, ಪಬ್ಲಿಕ್ ಪರೀಕ್ಷೆ ಬರೀತಿರೋನ ಥರ ಒಬ್ಬ. ಅವನೇ. 1971ರ ಜನವರಿಯಿಂದ 1977ರ ತನಕ, ಆರು ಸ್ಟುಡಿಯೋ ಆಲ್ಬಮ್.

ನಾನು ಹೇಳೋದು ಇಷ್ಟು. ಎಷ್ಟೋ ಕಡೆ ಇವನ ಗಿಟಾರ್ ಗಿಟಾರ್ ಅಂತ ಗುರುತೇ ಸಿಗಲ್ಲ. ಆರ್ಗನ್ ಅಂದ್ಕೊಂಡಿರ್ತೀವಿ, ಪಿಟೀಲು ಅಂದ್ಕೊಂಡಿರ್ತೀವಿ. ಶಹಬ್ಬಾಸ್‌ಗಿರಿ ಪಕ್ಕದವನಿಗೆ ಹೋಗುತ್ತೆ.

‘ದ ಮ್ಯೂಸಿಕಲ್ ಬಾಕ್ಸ್’ ತಗೊಳ್ಳಿ. ಹತ್ತು ನಿಮಿಷದ ಹಾಡು. ಮೆತ್ತಗೆ ನಡೀತಿದ್ದದ್ದು ಮಧ್ಯದಲ್ಲಿ ಇದ್ದಕ್ಕಿದ್ದಂತೆ ಕೆರಳುತ್ತಲ್ಲ, ಅಲ್ಲಿ ಸ್ವರಗಳು ಬುಗುರಿ ಥರ ಗಿರಗಿರ ಸುತ್ತುತ್ತವೆ. ವರ್ಷಗಟ್ಟಲೆ ಅದು ಟೋನಿ ಬ್ಯಾಂಕ್ಸ್‌ನ ಕೀಬೋರ್ಡ್ ಅಂದ್ಕೊಂಡಿದ್ದೆ. ಹ್ಯಾಕೆಟ್ ಬಲಗೈ ಬೆರಳನ್ನೂ ಫ್ರೆಟ್‌ಬೋರ್ಡ್ ಮೇಲೆ ತಂದು ತಂತಿ ತಟ್ಟುತ್ತಿದ್ದಾನೆ, ಅಷ್ಟೇ. ಅದೇ ಟ್ಯಾಪಿಂಗ್. ಟ್ಯಾಪಿಂಗ್‌ಗೇ ಹೆಸರಾದ ವ್ಯಾನ್ ಹೇಲನ್ ತಂಡದ ಮೊದಲ ಆಲ್ಬಮ್ ಬಂದದ್ದು 1978ರಲ್ಲಿ. ಇದು 1971.

ಕುಡ್ಲದ ಬೇಸ್:

ಮಾರಾಯ್ರೆ, ಟ್ಯಾಪಿಂಗ್ ಕಂಡುಹಿಡಿದದ್ದೇ ಹ್ಯಾಕೆಟ್ ಅಂತ ಮಾತ್ರ ಬರೀಬೇಡಿ. ಈಗ ಯಾರಾದ್ರೂ ಬಂದು ಜಗಳ ತೆಗೀತಾರೆ. ಅಮೆರಿಕದ ಜಿಮ್ಮಿ ವೆಬ್‌ಸ್ಟರ್ 1950ರ ದಶಕದಲ್ಲೇ ಎರಡು ಕೈಯಲ್ಲೂ ತಂತಿ ತಟ್ಟಿ ನುಡಿಸ್ತಿದ್ರು, ಅದನ್ನು ಕಲಿಸ್ಲಿಕ್ಕೆ ಪುಸ್ತಕವೂ ಬರ್ದಿದ್ದಾರೆ. ರಾಕ್ ಹಾಡಿನೊಳಗೆ ಅದನ್ನು ತಂದವರಲ್ಲಿ ಇವರು ಬಹಳ ಮೊದಲಿನವರು. ಅಷ್ಟು ಹೇಳಿದ್ರೆ ಸಾಕು, ಅದೇನು ಸಣ್ಣ ಮಾತಲ್ಲ.

ವ್ಯಾನ್ ಹೇಲನ್ ಟ್ಯಾಪಿಂಗ್ ಮಾಡಿದ್ರೆ ತೇರು ಎಳೆದ ಹಾಗೆ, ಇಡೀ ಊರಿಗೆ ಗೊತ್ತಾಗ್ತದೆ. ಇವರದ್ದು ಹಾಗಲ್ಲ. ‘ಡ್ಯಾನ್ಸಿಂಗ್ ವಿತ್ ದ ಮೂನ್‌ಲಿಟ್ ನೈಟ್’ ಕೇಳಿ. ಗೇಬ್ರಿಯಲ್ ಒಬ್ಬರೇ ಏನೂ ವಾದ್ಯ ಇಲ್ಲದೆ ಶುರು ಮಾಡ್ತಾರೆ, ಹಳೇ ಕಾಲದ ಇಂಗ್ಲಿಷ್ ಜನಪದದ ಹಾಗೆ. ಮೂರು ನಿಮಿಷ ಆಗ್ಲಿಕ್ಕಿಲ್ಲ, ಅಷ್ಟರಲ್ಲಿ ಗಿಟಾರ್ ಅಟ್ಟಿಸ್ಕೊಂಡು ಹೋಗ್ತದೆ. ಅಲ್ಲಿ ಟ್ಯಾಪಿಂಗ್ ಉಂಟು, ಸ್ವೀಪ್ ಪಿಕಿಂಗೂ ಉಂಟು. ಒಂದೇ ಬೀಸಿಗೆ ಪಿಕ್ಕನ್ನು ತಂತಿಯಿಂದ ತಂತಿಗೆ ಜಾರಿಸುವುದು, ಎಂಬತ್ತರ ದಶಕದ ಮೆಟಲ್ ಹುಡುಗರು ಎದೆ ಉಬ್ಬಿಸಿ ತೋರಿಸ್ತಿದ್ದದ್ದು. ಇವರು 1973ರಲ್ಲಿ ಮಾಡಿ, ಸದ್ದಿಲ್ಲದೆ ಮುಂದಿನ ಸಾಲಿಗೆ ಹೋಗಿಬಿಟ್ರು.

ಕೀಬೋರ್ಡ್ ಪಕ್ಷ:

ಪ್ರೀತಿ ಇರಲಿ ಸಾರ್, ಲೆಕ್ಕವೂ ಸರಿಯಿರಲಿ. ಮುಂದಿನ ಪೋಸ್ಟಿನಲ್ಲಿ ಯಾರಾದರೂ ‘ಸೆಲ್ಲಿಂಗ್ ಇಂಗ್ಲೆಂಡ್’ನ ‘ಫರ್ತ್ ಆಫ್ ಫಿಫ್ತ್’ ಹಾಡಿನ ಗಿಟಾರ್ ಸೋಲೋ ನೆನೆದು ಅತ್ತೇ ಅಳ್ತಾರೆ. ಅದಕ್ಕೆ ಮುಂಚೆಯೇ ಹೇಳಿಬಿಡ್ತೀನಿ: ಆ ಧಾಟಿ ಟೋನಿ ಬ್ಯಾಂಕ್ಸ್‌ದು. ಗೇಬ್ರಿಯಲ್ ಅದನ್ನ ಮೊದಲು ಕೊಳಲಲ್ಲಿ ನುಡಿಸಿ ಆಗಿರುತ್ತೆ. ಹ್ಯಾಕೆಟ್ ಬಂದು ಅದನ್ನೇ ದೊಡ್ಡದಾಗಿ ನುಡಿಸ್ತಾರೆ. ‘ಮ್ಯೂಸಿಕಲ್ ಬಾಕ್ಸ್’ಗೂ ಬುನಾದಿ ಹಾಕಿದ್ದು ಆಂಥನಿ ಫಿಲಿಪ್ಸ್, 1970ರಲ್ಲಿ ತಂಡ ಬಿಟ್ಟ ಹಿಂದಿನ ಗಿಟಾರಿಸ್ಟ್. ಇನ್ನು ‘ದ ಸಿನಿಮಾ ಶೋ’ ಕೊನೆಗೆ ಬರೋ ಏಳೆಣಿಕೆಯ ಕೀಬೋರ್ಡ್ ಓಟ, ನನ್ನ ಪ್ರಕಾರ ಇಡೀ ಆಲ್ಬಮ್ಮಿನ ಶಿಖರ. ಅಲ್ಲಿ ಹ್ಯಾಕೆಟ್ ಇಲ್ಲವೇ ಇಲ್ಲ. ಬ್ಯಾಂಕ್ಸ್, ಬೇಸಿನ ರುದರ್‌ಫರ್ಡ್, ಕಾಲಿನ್ಸ್ ಮೂವರೇ.

ಸೈಡ್ ಬಿ ಅವರೇ, ಒಂದು ಅನುಮಾನ. ತೊಂಬತ್ತರ ಕ್ಯಾಸೆಟ್ ಅಂದರೆ ಸೈಡಿಗೆ 45 ನಿಮಿಷ. ‘ಸೆಲ್ಲಿಂಗ್ ಇಂಗ್ಲೆಂಡ್’ ಆಲ್ಬಮ್ 53 ನಿಮಿಷ ಚಿಲ್ಲರೆ. ನಿಮ್ಮ ಟೇಪು ಎಲ್ಲಿ ಕಟ್ ಆಗುತ್ತೆ?

ಸೈಡ್ ಬಿ:

ಸಿಕ್ಕಿಬಿದ್ದೆ. ‘ಸಿನಿಮಾ ಶೋ’ ಶುರುವಾಗಿ ನಾಲ್ಕು ನಿಮಿಷಕ್ಕೆ ಟಕ್ ಅಂತ ನಿಂತುಹೋಗುತ್ತೆ. ಡಿಗ್ರಿಯ ಮೂರೂ ವರ್ಷ ನನ್ನ ಪಾಲಿಗೆ ಆ ಹಾಡು ಅಷ್ಟೇ ಉದ್ದ ಇತ್ತು.

ಕೀಬೋರ್ಡ್ ಪಕ್ಷ:

ಹಾಗೆ ಹೇಳಿ ಮತ್ತೆ! ನೀವು ಗಿಟಾರ್ ಪಕ್ಷ ಸೇರಿದ್ದಕ್ಕೆ ಟೇಪಿನ ಉದ್ದವೇ ಕಾರಣ. ಬ್ಯಾಂಕ್ಸ್ ಶುರು ಮಾಡೋಕೆ ಎರಡು ನಿಮಿಷ ಮುಂಚೆ ನಿಮ್ಮ ಪ್ರಪಂಚ ಮುಗಿದುಹೋಗಿತ್ತು.

ಮಲ್ಲೇಶ್ವರದ ವೈಣಿಕೆ:

ನಾನು ರಾಕ್ ಕೇಳಿ ಬೆಳೆದವಳಲ್ಲ. ಮಗ ಹಾಕಿಕೊಂಡಿದ್ದು ಅಡುಗೆಮನೆಗೆ ಕೇಳಿಸಿ, ಸೌಟು ಕೈಯಲ್ಲಿಟ್ಟುಕೊಂಡೇ ಹೊರಗೆ ಬಂದು ನಿಂತೆ. ಅದು ಇದೇ ‘ಫರ್ತ್ ಆಫ್ ಫಿಫ್ತ್’. ಹಾಗಾಗಿ ಕೀಬೋರ್ಡ್ ಪಕ್ಷದವರಿಗೆ ನಾನೇ ಉತ್ತರ ಕೊಡ್ತೀನಿ.

ರಚನೆ ಯಾರದು ಅನ್ನೋದು ಒಂದು, ನುಡಿಸಿದ್ದು ಹೇಗೆ ಅನ್ನೋದು ಇನ್ನೊಂದು. ಕೃತಿ ತ್ಯಾಗರಾಜರದ್ದು ಅಂತ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನ ಯಾರಾದರೂ ತಳ್ಳಿಹಾಕ್ತಾರಾ?

ಕೊಳಲಲ್ಲಿ ಬಂದಾಗ ಆ ಧಾಟಿ ಸರಳ, ಮೆಟ್ಟಿಲು ಇಳಿದ ಹಾಗೆ ಸ್ವರದಿಂದ ಸ್ವರಕ್ಕೆ ಕಾಲಿಡುತ್ತೆ. ಗಿಟಾರಿಗೆ ಬಂದಾಗ ಸ್ವರಗಳು ಅವೇ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಬೇರೆ. ಆ ಭಾಗ ಇರೋದು ಇ ಮೈನರ್‌ನಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ ನಠಭೈರವಿಯ ಸ್ವರಗಳು. ಈತ ತಾರಸ್ಥಾಯಿಯ ಎಫ್ ಶಾರ್ಪಿಗೆ, ಅಂದರೆ ಚತುಶ್ರುತಿ ರಿಷಭಕ್ಕೆ ಹೋಗಿ ಅಲ್ಲೇ ನಿಂತುಬಿಡ್ತಾರೆ. ಷಡ್ಜಕ್ಕೆ ಒಂದು ಹೆಜ್ಜೆ ಇಳಿದಿದ್ದರೆ ಕೇಳೋರಿಗೆ ನೆಮ್ಮದಿ. ಇಳಿಯಲ್ಲ. ನಾವು ಮನಸ್ಸಲ್ಲೇ ‘ಸ’ ಹಾಡಿಕೊಂಡು ಕಾಯ್ತಾ ಇರ್ತೀವಿ, ಆ ರಿಷಭ ಉಸಿರು ಕಟ್ಟಿಕೊಂಡು ನಿಂತೇ ಇರುತ್ತೆ. ವೀಣೆಯಲ್ಲಿ ಇಷ್ಟು ಹೊತ್ತು ಸ್ವರ ನಿಲ್ಲಲ್ಲ, ಆರಿಹೋಗುತ್ತೆ, ಮತ್ತೆ ಮೀಟಬೇಕು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳಲ್ಲ.

ಇನ್ನೊಂದು ನೋಡಿ. ವೀಣೆಯಲ್ಲಿ ತಂತಿ ಎಳೆದ ತಕ್ಷಣ ಅಲುಗಿಸಿದರೆ ನಮ್ಮ ಗುರುಗಳು ಬೆರಳ ಮೇಲೆ ಒಂದು ಬಿಡ್ತಿದ್ದರು. ಮೊದಲು ಎಳಿ, ಶ್ರುತಿಗೆ ಸೇರಿತಾ ಅಂತ ಕೇಳಿಸ್ಕೋ, ಆಮೇಲೆ ಗಮಕ. ಮಗ ಕೇಳಿಸೋ ಎಷ್ಟೋ ಜನರ ಗಿಟಾರಿನಲ್ಲಿ ಎಳೆಯೋದೂ ನಡುಗಿಸೋದೂ ಒಟ್ಟಿಗೇ, ಚಳಿಜ್ವರ ಬಂದ ಹಾಗೆ. ಈ ಮನುಷ್ಯ ಎಳೆದು, ಸೇರಿಸಿ, ಒಂದು ಕ್ಷಣ ಬಿಟ್ಟು ಆಮೇಲೆ ಅಲುಗಿಸ್ತಾರೆ. ಆ ಒಂದು ಕ್ಷಣ ನಮ್ಮ ಮನೆಯಲ್ಲಿ ಕಲಿಯೋ ಮಕ್ಕಳಿಗೆ ಇವತ್ತಿಗೂ ಬರಲ್ಲ.

ಲೀಡ್ಸ್ ಕನ್ನಡಿಗ:

ವೈಣಿಕೆ ಮೇಡಂ, ಆ ಸ್ವರ ನಿಲ್ಲೋದು ಹೇಗೆ ಅಂತ ಹೇಳ್ತೀನಿ, ನಿಮ್ಮ ಹೊಟ್ಟೆಕಿಚ್ಚು ಕಮ್ಮಿ ಆಗಬಹುದು. ಅರ್ಧ ಫೀಡ್‌ಬ್ಯಾಕ್. ಆಂಪ್ಲಿಫೈಯರಿನಿಂದ ಹೊರಟ ಸದ್ದು ಗಾಳಿಯಲ್ಲಿ ಬಂದು ಅದೇ ತಂತಿಯನ್ನ ಮತ್ತೆ ಅಲುಗಿಸುತ್ತೆ, ತಂತಿ ಮತ್ತೆ ಸದ್ದು ಕೊಡುತ್ತೆ. ಸರಿಯಾದ ಜಾಗದಲ್ಲಿ ಕೂತರೆ ಸ್ವರ ತನ್ನನ್ನ ತಾನೇ ಸಾಕಿಕೊಳ್ಳುತ್ತೆ. ಇನ್ನರ್ಧ ಫಜ್ ಬಾಕ್ಸ್. ಸದ್ದು ಸಣ್ಣಗಾಗ್ತಾ ಬಂದರೂ ಅದು ದಪ್ಪಗೆ ಹಿಡಿದಿಟ್ಟುಕೊಳ್ಳುತ್ತೆ.

ಸೈಡ್ ಬಿ ಅವರು ಪಿಟೀಲು ಅಂದರಲ್ಲ, ಅದು ವಾಲ್ಯೂಮ್ ಪೆಡಲ್ಲಿನ ಕೆಲಸ. ತಂತಿ ಮೀಟಿದಾಗ ಮೊದಲು ‘ಟಣ್’ ಅಂತ ಏಟಿನ ಸದ್ದು ಬರುತ್ತಲ್ಲ, ಅದರಿಂದಲೇ ಕಿವಿ ‘ಇದು ಗಿಟಾರ್’ ಅಂತ ಗುರುತಿಸೋದು. ಹ್ಯಾಕೆಟ್ ಪೆಡಲ್ ಮುಚ್ಚಿಟ್ಟು ಮೀಟ್ತಾರೆ, ಏಟು ಯಾರಿಗೂ ಕೇಳಲ್ಲ. ಆಮೇಲೆ ಕಾಲಲ್ಲಿ ಮೆಲ್ಲಗೆ ತೆರೀತಾರೆ. ಬಾಗಿಲ ಸಂದಿಯಿಂದ ಬೆಳಕು ಬಂದ ಹಾಗೆ ಸ್ವರ ಒಳಗೆ ಬರುತ್ತೆ. ಕಮಾನಿನ ವಾದ್ಯದ ಥರ ಕೇಳೋದು ಅದಕ್ಕೇ. ಕಾಲಿಗೂ ಇಷ್ಟು ಕೆಲಸ ಇದ್ದಾಗ ಸ್ಟೂಲ್ ಮೇಲೆ ಕೂತು ನುಡಿಸೋದು ನ್ಯಾಯವೇ.

ಇಲ್ಲಿ ಅವರ ಕಾರ್ಯಕ್ರಮ ಎರಡು ಸಲ ನೋಡಿದ್ದೀನಿ. ಈಗ ನಿಂತೇ ನುಡಿಸ್ತಾರೆ. ನನ್ನ ಪಕ್ಕದ ಸೀಟಿನಲ್ಲಿ ಎಪ್ಪತ್ತು ದಾಟಿದ ಯಜಮಾನರೊಬ್ಬರು. ಆ ಸ್ವರ ಶುರುವಾದ ತಕ್ಷಣ ತೋಳು ಮೇಲೆತ್ತಿ ವಾಚು ನೋಡೋಕೆ ಶುರು ಮಾಡಿದರು. ಮುಗಿದ ಮೇಲೆ ನನ್ನ ಕಡೆ ಬಗ್ಗಿ ‘ಹೋದ ಸಲಕ್ಕಿಂತ ಜಾಸ್ತಿ’ ಅಂದರು.

ಧಾರವಾಡ ತಂತಿ:

ನೋಡ್ರಿ, ನೀವೆಲ್ಲಾರೂ ಎಲೆಕ್ಟ್ರಿಕ್ ಗಿಟಾರಿಗೇ ಜೋತುಬಿದ್ದೀರಿ. ‘ಫಾಕ್ಸ್‌ಟ್ರಾಟ್’ (1972) ರೆಕಾರ್ಡಿನ ಎರಡನೇ ಮಗ್ಗಲಾ ಹಚ್ಚರಿ. ‘ಸಪ್ಪರ್ಸ್ ರೆಡಿ’ ಅಂತ 23 ನಿಮಿಷದ್ದು ಐತಿ, ಎಲ್ಲಾರೂ ಅದನ್ನ ಹೊಗಳತಾರ. ಅದಕ್ಕಿಂತ ಮೊದಲ ಎರಡು ನಿಮಿಷನೂ ತುಂಬದ ‘ಹೊರೈಜನ್ಸ್’ ಅಂತ ಒಂದು ತುಣುಕು ಬರತೈತಿ. ಹ್ಯಾಕೆಟ್ ಒಬ್ರ, ಒಂದ ಗಿಟಾರ. ಊಟಕ್ಕ ಕೂಡೂಕಿಂತ ಮೊದಲ ಕೈ ತೊಳಕೊಂಡಂಗ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಾಖ್‌ನ ಮೊದಲನೇ ಚೆಲ್ಲೊ ಸೂಟಿನ ಪ್ರಿಲ್ಯೂಡ್ ಕೇಳಿದವ್ರಿಗೆ ಗುರುತು ಸಿಗತೈತಿ, ಎರಡೂ ಜಿ ಮೇಜರ್, ಶುರುವಿನ ನಡಿಗಿ ಹತ್ತಿರ ಹತ್ತಿರ ಒಂದ. ಬಾಖ್ ಮನಿ ಬಾಗಿಲಾ ತನಕ ಹೋಗಿ, ನಮಸ್ಕಾರ ಮಾಡಿ, ತನ್ನ ಹಾದಿ ಹಿಡದಾರ. ನಾನು ಆರು ತಿಂಗಳಿಂದ ಕಲಿಯಾಕತ್ತೀನ್ರಿ. ನೋಡಾಕ ಸರಳ. ಖರೇ ಅಂದ್ರ ಕೆಳಗಿನ ಬೇಸಿನ ಸ್ವರ ಬಿಡಂಗಿಲ್ಲ, ಮ್ಯಾಲಿನ ಧಾಟಿ ಮುರಿಯಂಗಿಲ್ಲ, ನಡುವಿನ ತಂತಿ ಸುಮ್ನ ಹರಕೋಂತ ಇರಬೇಕು. ಮೂರು ಮಂದಿ ಕೆಲಸ ಐದು ಬೆರಳಿಗೆ. ನಮ್ಮ ಮನಿಯಾಗ ಇದು ಶುರುವಾದ್ರ ನನ್ನ ಹೆಂಡ್ತಿ ‘ಮತ್ತ ಅದ ಕೊಕ್ಕೆ ಬಂತು’ ಅಂತಾಳ, ಯಾಕಂದ್ರ ಒಂದ ಜಾಗಾದಾಗ ನಾನು ದಿನಾ ಎಡವತೀನಿ.

‘ವಿಂಡ್ ಅಂಡ್ ವದರಿಂಗ್’ (1976) ಒಳಗ ‘ಬ್ಲಡ್ ಆನ್ ದ ರೂಫ್‌ಟಾಪ್ಸ್’ ಅಂತ ಐತಿ, ಅದರ ಶುರುವಿನ ಕ್ಲಾಸಿಕಲ್ ಗಿಟಾರೂ ಕೇಳ್ರಿ. ಹ್ಯಾಕೆಟ್ ಮತ್ತ ಕಾಲಿನ್ಸ್ ಕೂಡಿ ಬರೆದ ಹಾಡು. ಕೀಬೋರ್ಡ್ ಪಕ್ಷದವ್ರ, ಇದು ಬ್ಯಾಂಕ್ಸ್ ಅವರದ್ದಲ್ರಿ.

ಕೀಬೋರ್ಡ್ ಪಕ್ಷ:

ಅದು ಅವರದ್ದೇ, ಒಪ್ಪಿದೆ. ‘ಎಂಟ್ಯಾಂಗಲ್ಡ್’ನಲ್ಲೂ ಅರ್ಧ ಅವರದ್ದು, ‘ಐ ನೋ ವಾಟ್ ಐ ಲೈಕ್’ ಹುಟ್ಟಿದ್ದೇ ಅವರ ರಿಫ್‌ನಿಂದ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು). ಅದು 1974ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ 21ನೇ ಜಾಗಕ್ಕೆ ಹೋಯ್ತು, ಆ ತಂಡದ ಮೊದಲ ಹಿಟ್. ಇನ್ನೊಂದನ್ನೂ ಒಪ್ಪಿಕೊಂಡುಬಿಡ್ತೀನಿ, ಒಂದೇ ಸಲ ಅವಮಾನ ಆಗಿಹೋಗಲಿ: ಮೆಲೊಟ್ರಾನ್ (ಟೇಪಿನಲ್ಲಿ ಹಿಡಿದಿಟ್ಟ ವಾದ್ಯಗಳ ಸದ್ದು ನುಡಿಸೋ ಕೀಬೋರ್ಡ್) ತಗೊಳ್ಳೋಣ ಅಂತ ತಂಡದ ಬೆನ್ನು ಹತ್ತಿದವರು ಹ್ಯಾಕೆಟ್. ಅದಿಲ್ಲದಿದ್ದರೆ ‘ವಾಚರ್ ಆಫ್ ದ ಸ್ಕೈಸ್’ನ ಆ ಶುರುವಾತು ನಮಗೆ ಸಿಗ್ತಿರಲಿಲ್ಲ.

ಆದರೆ ವೈಣಿಕೆ ಮೇಡಂ ಹೇಳಿದ ರಿಷಭದ ಬಗ್ಗೆ ನನಗೆ ತಕರಾರಿದೆ. ಸ್ವರ ಒಂದೇ ಕಡೆ ನಿಂತಿರುತ್ತೆ ಸರಿ. ಅದು ಇಷ್ಟು ಸಂಕಟ ಕೊಡೋದು ಕೆಳಗೆ ಬ್ಯಾಂಕ್ಸ್ ಹಾಕಿದ ಕಾರ್ಡಿನಿಂದ, ಅಂದರೆ ಒಟ್ಟಿಗೆ ನುಡಿಯೋ ಸ್ವರಗುಚ್ಛದಿಂದ. ಕಾರ್ಡ್ ತೆಗೆದುಹಾಕಿ, ಆಗ ಅದು ಬರೀ ಉದ್ದದ ಒಂದು ಸದ್ದು.

ಮಲ್ಲೇಶ್ವರದ ವೈಣಿಕೆ:

ತಂಬೂರಿ ತೆಗೆದರೆ ನಮ್ಮದೂ ಅಷ್ಟೇ ಅಲ್ವೇನಪ್ಪಾ. ತಂಬೂರಿಯವರಿಗೆ ಯಾರೂ ಹಾರ ಹಾಕಲ್ಲ, ನೀನು ಹಾಕೋನು ಒಬ್ಬ ಇದ್ದೀಯಲ್ಲ, ಸಂತೋಷ.

(ಅಂದ ಹಾಗೆ ನಿನ್ನ ಏಳೆಣಿಕೆಯ ‘ಸಿನಿಮಾ ಶೋ’ ಕೇಳಿದೆ. ಮಿಶ್ರಛಾಪು ಹಾಕಿಕೊಂಡು ಕೂತರೆ ಎಲ್ಲೂ ತಪ್ಪಲ್ಲ. ಆ ಡ್ರಮ್ಮಿನ ಹುಡುಗ ಬಹಳ ಚೆನ್ನಾಗಿ ನುಡಿಸ್ತಾನೆ.)

ಕುಡ್ಲದ ಬೇಸ್:

ಡ್ರಮ್ಮಿನ ಹುಡುಗ ಫಿಲ್ ಕಾಲಿನ್ಸ್, ಮೇಡಂ. ಇದನ್ನು ನಾನು ಫ್ರೇಮ್ ಹಾಕಿ ಇಡ್ತೇನೆ.

ಹೊಸಬ19:

ಎಲ್ಲರಿಗೂ ನಮಸ್ಕಾರ. ನನಗೆ 19, ರೀಲ್ಸ್‌ನಲ್ಲಿ ಅರ್ಧ ನಿಮಿಷದ ತುಣುಕು ಕೇಳಿ ಇಲ್ಲಿಗೆ ಬಂದೆ. ಎರಡು ಪ್ರಶ್ನೆ. ಒಂದು, ಇಷ್ಟು ಚೆನ್ನಾಗಿದ್ದರೆ ತಂಡ ಬಿಟ್ಟಿದ್ದು ಯಾಕೆ? ಎರಡು, ಎಲ್ಲಿಂದ ಶುರು ಮಾಡ್ಲಿ? 23 ನಿಮಿಷದ್ದು ಬೇಡ ಪ್ಲೀಸ್.

ಲೀಡ್ಸ್ ಕನ್ನಡಿಗ:

ಬಿಟ್ಟ ಕತೆಗೆ ಮುಂಚೆ ಸೇರಿದ ಕತೆ ಕೇಳಪ್ಪ. 1970ರ ಡಿಸೆಂಬರಿನಲ್ಲಿ ಹ್ಯಾಕೆಟ್ ‘ಮೆಲೊಡಿ ಮೇಕರ್’ ಪತ್ರಿಕೆಯಲ್ಲಿ ಒಂದು ಜಾಹೀರಾತು ಕೊಟ್ಟರು. ಕೊಳೆತು ನಿಂತಿರೋ ಸಂಗೀತದ ಚೌಕಟ್ಟು ದಾಟಬೇಕು ಅನ್ನೋ ಹಟ ಇರೋರು ಬೇಕಾಗಿದ್ದಾರೆ ಅನ್ನೋ ಅರ್ಥದ್ದು. ವಯಸ್ಸು ಇಪ್ಪತ್ತು, ಧಿಮಾಕು ನೋಡು. ಅದನ್ನ ಓದಿ ಫೋನ್ ಮಾಡಿದ್ದು ಪೀಟರ್ ಗೇಬ್ರಿಯಲ್.

ಬಿಟ್ಟಿದ್ದಕ್ಕೆ ಕಾರಣ ಸರಳ, ಜಾಗ ಸಾಲಲಿಲ್ಲ. ‘ಸೆಲ್ಲಿಂಗ್ ಇಂಗ್ಲೆಂಡ್’ನ ‘ಆಫ್ಟರ್ ದ ಆರ್ಡೀಲ್’ ಅವರ ವಾದ್ಯ ಸಂಗೀತದ ತುಣುಕು, ಬ್ಯಾಂಕ್ಸ್‌ಗೂ ಗೇಬ್ರಿಯಲ್‌ಗೂ ಅದು ಆಲ್ಬಮ್ಮಿನಲ್ಲಿ ಇರೋದೇ ಬೇಡವಾಗಿತ್ತು. ‘ವಿಂಡ್ ಅಂಡ್ ವದರಿಂಗ್’ ಹೊತ್ತಿಗೆ ‘ಪ್ಲೀಸ್ ಡೋಂಟ್ ಟಚ್’ ತಂದರು, ಅದೂ ತಂಡಕ್ಕೆ ಒಗ್ಗಲಿಲ್ಲ. ಅಷ್ಟರಲ್ಲಿ 1975ರಲ್ಲೇ ‘ವಾಯೇಜ್ ಆಫ್ ದಿ ಅಕೊಲೈಟ್’ ಅಂತ ಸ್ವಂತ ಆಲ್ಬಮ್ ಮಾಡಿ, ಅದು ಬ್ರಿಟನ್ನಿನಲ್ಲಿ 26ನೇ ಜಾಗಕ್ಕೆ ಹೋಗಿ, ರುಚಿ ಹತ್ತಿತ್ತು. 1977ರಲ್ಲಿ ‘ಸೆಕೆಂಡ್ಸ್ ಔಟ್’ ಲೈವ್ ಆಲ್ಬಮ್ಮಿನ ಮಿಕ್ಸಿಂಗ್ ನಡೀತಿರುವಾಗಲೇ ಹೊರಟುಬಿಟ್ಟರು. ಉಳಿದವರು ಮುಂದಿನ ಆಲ್ಬಮ್ಮಿಗೆ ‘ಮತ್ತೆ ಉಳಿದದ್ದು ಮೂವರು’ ಅನ್ನೋ ಅರ್ಥದ ಹೆಸರೇ ಇಟ್ಟರು.

ತಂಡದವರು ಬೇಡ ಅಂದ ಆ ತುಣುಕಿನ ಹೆಸರನ್ನೇ ಇವರು 1978ರ ತಮ್ಮ ಆಲ್ಬಮ್ಮಿಗೆ ಇಟ್ಟರು. ಸೇಡು ಅಂದರೆ ಹೀಗಿರಬೇಕು.

ಕುಡ್ಲದ ಬೇಸ್:

ಗಾಜಿನ ಕತೆ ಬಿಟ್ರಿ ನೀವು. 1974ರಲ್ಲಿ ‘ದ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ’ ಪ್ರವಾಸ ಹೊರಡುವ ಮೊದಲು ಒಂದು ಪಾರ್ಟಿಯಲ್ಲಿ ಕೈಯಲ್ಲಿದ್ದ ವೈನ್ ಗ್ಲಾಸನ್ನು ಗೊತ್ತಿಲ್ಲದೇ ಹಿಂಡಿ ಒಡೆದರಂತೆ. ಎಡಗೈ ಹೆಬ್ಬೆರಳಿನ ಸ್ನಾಯುರಜ್ಜು ತುಂಡಾಯ್ತು. ಪ್ರವಾಸದ ದಿನಾಂಕವೇ ಮುಂದೆ ಹೋಯ್ತು. ಹೊರಗಿಂದ ಅಷ್ಟು ತಣ್ಣಗೆ ಕೂತಿರುವ ಮನುಷ್ಯ, ಒಳಗೆ ಎಂತ ಬಿಸಿ ಇತ್ತೋ. ಇಂಥ ಕೈಯಲ್ಲಿ ಆಮೇಲೆ ನೂರಕ್ಕೂ ಹೆಚ್ಚು ಪ್ರದರ್ಶನ ನುಡಿಸಿದ್ದಾರೆ.

ಧಾರವಾಡ ತಂತಿ:

ತಮ್ಮಾ ಹೊಸಬ, ಮೊದಲ ‘ಹೊರೈಜನ್ಸ್’ ಕೇಳು, ರೀಲ್ಸ್ ನಾಲ್ಕು ನೋಡೂದ್ರಾಗ ಮುಗೀತೈತಿ. ಆಮ್ಯಾಲ 1979ರ ‘ಸ್ಪೆಕ್ಟ್ರಲ್ ಮಾರ್ನಿಂಗ್ಸ್’ ಅನ್ನೂ ತುಣುಕು. ಅದರಾಗ ಮಾತಿಲ್ಲ, ಹಾಡಿಲ್ಲ, ಗಿಟಾರ್ ಒಂದ ಹಾಡತೈತಿ.

ಸೈಡ್ ಬಿ:

ನನ್ನ ಕೇಳಿದ್ರೆ ನೇರ ‘ಫರ್ತ್ ಆಫ್ ಫಿಫ್ತ್’. ಶುರುವಿನ ಪಿಯಾನೊ ಬ್ಯಾಂಕ್ಸ್‌ದು, ಬಿಡಬೇಡ, ಅದೂ ಚೆನ್ನಾಗಿದೆ (ನೋಡಿ, ನಾನೂ ಒಪ್ಪಿಕೊಳ್ತೀನಿ). ಮೂರು ನಿಮಿಷ ದಾಟಿದ ಮೇಲೆ ಕೊಳಲು ಬರುತ್ತೆ, ಆ ಧಾಟಿ ನೆನಪಿಟ್ಕೋ. ಆರನೇ ನಿಮಿಷದ ಹೊತ್ತಿಗೆ ಅದೇ ಧಾಟಿ ಗಿಟಾರಲ್ಲಿ ಬರುತ್ತೆ. ಮಧ್ಯೆ ಫೋನ್ ಮುಟ್ಟಬೇಡ, ಅಷ್ಟೇ ಕಂಡೀಷನ್. ‘ಸೆಕೆಂಡ್ಸ್ ಔಟ್’ನಲ್ಲಿ ಪಿಯಾನೊ ಭಾಗ ಇಲ್ಲದೆ ನೇರ ಹಾಡಿಗೇ ಹೋಗ್ತಾರೆ. ಅವಸರದವರಿಗೆ ಅದು.

ಕೀಬೋರ್ಡ್ ಪಕ್ಷ:

ಅವಸರದವರಿಗೆ ಅಂತೆ! ಆ ಪಿಯಾನೊದಲ್ಲಿ 13ಕ್ಕೂ 15ಕ್ಕೂ ತಾಳ ಬದಲಾಗುತ್ತೆ. ಅದನ್ನ ಬಿಟ್ಟು ಕೇಳೋದು ಅಂದರೆ ಪಲ್ಯ ಬಿಟ್ಟು ದೋಸೆ ತಿಂದ ಹಾಗೆ. ತಿನ್ನಬಹುದು, ಮಸಾಲೆ ದೋಸೆ ಅನ್ನಬೇಡಿ.

ಹೊಸಬ19:

ನಿನ್ನೆ ರಾತ್ರಿ ಬಸ್ಸಿನಲ್ಲಿ ಕೇಳಿದೆ, ಫೋನ್ ಮುಟ್ಟಲಿಲ್ಲ. ಆ ಉದ್ದದ ಸ್ವರ ಬಂದಾಗ ನನ್ನ ಸ್ಟಾಪ್ ಬಂತು, ಮುಗೀಲಿ ಅಂತ ಕೂತೆ, ಎರಡು ಸ್ಟಾಪ್ ಮುಂದೆ ಇಳಿದು ನಡ್ಕೊಂಡು ಬಂದೆ. ವೈಣಿಕೆ ಆಂಟಿ ಹೇಳಿದ ‘ಸ’ ನನಗೂ ಬಾಯಿಗೆ ಬಂದಿತ್ತು.

ಆಮೇಲೆ ನಡೀತಾ ‘ದ ಲ್ಯಾಂಬ್’ ಕೂಡ ಹಾಕ್ಕೊಂಡೆ. ಅದರಲ್ಲಿ ‘ಹೇರ್‌ಲೆಸ್ ಹಾರ್ಟ್’ ಅಂತ ಒಂದು ಚಿಕ್ಕದಿದೆ, ಹಾಡು ಇಲ್ಲ, ಬರೀ ವಾದ್ಯ. ಅದರ ಶುರುವಿನಲ್ಲಿ ಪಿಟೀಲು ತುಂಬ ಚೆನ್ನಾಗಿದೆ. ಅದನ್ನ ನುಡಿಸಿದ್ದು ಯಾರು? ಹುಡುಕಿದರೆ ಪಿಟೀಲಿನವರ ಹೆಸರೇ ಎಲ್ಲೂ ಇಲ್ಲ.

ಕುಡ್ಲದ ಬೇಸ್:

ಸೈಡ್ ಬಿ ಅವರೇ, ಇದಕ್ಕೆ ನೀವೇ ಉತ್ತರ ಕೊಡಿ ಮಾರಾಯ್ರೆ.